ಯಾರದ್ದೂ ಅಲ್ಲದ ಜಮೀನು

ಹಾಲಿನ ಪ್ಯಾಕೆಟ್ ತರಲು ಕೆಳಗಿಳಿಯುವಾಗ ಕೈಯಲ್ಲಿದ್ದ ವಿಡಿಯೋ ಗೇಮ್ ರಿಮೋಟನ್ನು ಮನೆಯಲ್ಲೇ ಬಿಟ್ಟು ಬರಬೇಕೆಂದು ಕಶ್ಯಪನಿಗೆ ಹೊಳೆಯಲಿಲ್ಲ. ಅವನ ಭಾನುವಾರ ಕೆಟ್ಟಿದ್ದು ಅಲ್ಲಿಂದ.

ಇಡೀ ದಿನ ತನ್ನದೇ ಆದ ಭಾನುವಾರ ಅವನಿಗೆ ವರ್ಷಕ್ಕೊಂದು ಸಿಕ್ಕರೆ ಹೆಚ್ಚು. ಹೆಂಡತಿ ವಂದನಾ ಮಗಳನ್ನು ಕರೆದುಕೊಂಡು ಬೆಳಿಗ್ಗೆ ಏಳಕ್ಕೇ ಆರ್.ಟಿ. ನಗರದ ತವರಿಗೆ ಹೋಗಿದ್ದಳು. ಸಂಜೆಯ ತನಕ ಮನೆಯಲ್ಲಿ ಅವನೊಬ್ಬನೇ. ಹೆಬ್ಬಾಳದ ವಿಮಾ ಕಚೇರಿಯಲ್ಲಿ ವಾರದ ಆರು ದಿನ ಬೇರೆಯವರ ಅಪಘಾತಗಳ ಫೈಲು ಓದುವ ಮನುಷ್ಯ, ಏಳನೆಯ ದಿನ ಕುದುರೆ ಹತ್ತಿ ರಾಕ್ಷಸರನ್ನು ಕೊಲ್ಲಬೇಕೆಂದು ಆಸೆಪಟ್ಟರೆ ತಪ್ಪೇನೂ ಇಲ್ಲ.

ಕೆಳಮನೆಯ ಬಾಗಿಲಲ್ಲಿ ಮನೆ ಮಾಲೀಕರಾದ ಪಟಾಲಮ್ಮನವರು ಪ್ಲಾಸ್ಟರ್ ಹಾಕಿದ ಎಡಗಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದರು. ಹತ್ತು ದಿನದ ಹಿಂದೆ, ಮೂರನೆಯ ಮಹಡಿಯವರ ಚಪ್ಪಲಿ ಸ್ಟ್ಯಾಂಡು ಗೋಡೆಯಿಂದ ಎಷ್ಟು ಮುಂದೆ ಬಂದಿದೆಯೆಂದು ಗೇಣು ಹಾಕಿ ಅಳೆಯಲು ಹೋಗಿ ಮೆಟ್ಟಿಲಲ್ಲಿ ಜಾರಿದ್ದರು. ಅಲ್ಲಾಳಸಂದ್ರದ ಹಳೇ ಒಕ್ಕಲು ಮನೆತನ ಅವರದು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಈ ಮೂರು ಮಹಡಿ ಎದ್ದಿತ್ತು. ದಿನಕ್ಕೆರಡು ಬಾರಿ ಮೇಲಿಂದ ಕೆಳಗೆ ಕಟ್ಟಡ ಸುತ್ತದಿದ್ದರೆ ಅವರಿಗೆ ಉಂಡದ್ದು ಕರಗುತ್ತಿರಲಿಲ್ಲ.

ಕಾಲು ನಿಂತ ಮೇಲೆ ಫೋನು ಓಡತೊಡಗಿತು. ಮೊದಲ ಮಹಡಿಯ ಸಬೀರಾಳಿಗೆ, "ಒಲಿಗೆ ಮೆಸೀನು ಅರ್ಧ ಗಂಟೆಯಿಂದ ಸದ್ದಿಲ್ಲ, ಮೈ ಉಸಾರಾಗೈತಾ?" ಮೂರನೆಯ ಮಹಡಿಯ ಸೇತುರಾಮರಿಗೆ, "ಕುಕ್ಕರ್ರು ಆರು ಕೂಗಿತಲ್ಲ, ಏನ್ ಬೇಯಿಸ್ತಿದ್ದೀರಾ?" ಎರಡನೆಯ ಮಹಡಿಯ ಕಶ್ಯಪನಿಗೆ, "ನಿನ್ ಫ್ಯಾನು ಕಟಕಟ ಅಂತೈತೆ, ಅದರ ಕೆಳಗೆ ಮಲಗ್ಬೇಡ." ಹತ್ತು ದಿನಕ್ಕೆ ಮೂರು ಮನೆಯವರೂ ಸುಸ್ತಾಗಿ, ಫೋನ್ ಹೊಡೆದುಕೊಂಡರೆ ಬೆಂಕಿ ಕಂಡ ಬೆಕ್ಕಿನ ಹಾಗೆ ಹಾರುತ್ತಿದ್ದರು.

"ಏನಪ್ಪ ಕಾಶಪ್ಪ, ಕೈಯಾಗೇನದು?" ಅಂದರು ಪಟಾಲಮ್ಮ. ಕಶ್ಯಪ್ ಅನ್ನುವ ಹೆಸರು ಅವರ ಬಾಯಲ್ಲಿ ಮೊದಲ ದಿನವೇ ಕಾಶಪ್ಪ ಆಗಿತ್ತು.

"ಆಟ ಆಡೋದು ಅಮ್ಮಾ. ಟೀವೀಲಿ."

"ನಂಗೂ ಒಂದ್ ಆಟ ಏಳಪ್ಪ. ಮಗ ಸೊಸೆ ಮದ್ವೆಗೆ ಅಂತ ದೊಡ್ಡಬಳ್ಳಾಪುರಕ್ಕೋದ್ರು. ಒತ್ತು ಓಗ್ತಾ ಇಲ್ಲ."

"ನೋಡೋಣ ಅಮ್ಮಾ" ಅಂದು ಕಶ್ಯಪ ಜಾರಿಕೊಳ್ಳುವುದರಲ್ಲಿದ್ದ. ಅಷ್ಟರಲ್ಲಿ ಪೇಪರ್ ತೆಗೆದುಕೊಳ್ಳಲು ಬಂದಿದ್ದ ಸೇತುರಾಮರು ಅವನ ತೋಳು ಹಿಡಿದು ಮೆಟ್ಟಿಲ ಹಿಂದಕ್ಕೆ ಎಳೆದರು. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ಗುಣಮಟ್ಟ ತಪಾಸಣೆ ಮಾಡಿ ನಿವೃತ್ತರಾಗಿದ್ದ ಅವರಿಗೆ, ಕಂಡದ್ದನ್ನೆಲ್ಲ ತಪಾಸಣೆ ಮಾಡುವ ಚಾಳಿ ಉಳಿದಿತ್ತು.

"ಕಶ್ಯಪ್, ಇದು ದೇವರೇ ಕೊಟ್ಟ ಅವಕಾಶ ಕಣ್ರೀ. ಮುಗಿಯದೇ ಇರೋಂಥ ಆಟ ಯಾವ್ದಾದ್ರೂ ಇದ್ಯಾ?"

"ಇದೆ ಸಾರ್. ಓಪನ್ ವರ್ಲ್ಡ್ ಅಂತ. ನೂರಿನ್ನೂರು ಗಂಟೆ ಆಡ್ಬೋದು."

"ನೂರಿನ್ನೂರು ಗಂಟೆ" ಎಂದು ಸೇತುರಾಮರು ಪ್ರಸಾದ ತೆಗೆದುಕೊಂಡವರ ಹಾಗೆ ಕಣ್ಣು ಮುಚ್ಚಿದರು. "ಈಗ್ಲೇ ತಗೊಂಡ್ ಬನ್ನಿ. ಪುಣ್ಯ ಬರುತ್ತೆ."

ಕಶ್ಯಪನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಕಚೇರಿಯಲ್ಲಿ ಅವನು ಆಟಗಳ ವಿಷಯದಲ್ಲಿ ದೊಡ್ಡ ಪಂಡಿತ. ಹೊಸದಾಗಿ ಆಡುವವರು ಯಾವುದರಿಂದ ಶುರು ಮಾಡಬೇಕು, ದಿನಕ್ಕೆ ಅರ್ಧ ಗಂಟೆ ಬಿಡುವಿರುವವರಿಗೆ ಯಾವುದು ಒಗ್ಗುತ್ತದೆ ಎಂದೆಲ್ಲ ಟೀ ಹೊತ್ತಿನಲ್ಲಿ ಶಿಫಾರಸು ಮಾಡುತ್ತಿದ್ದ. ಅವನು ಯಾರಿಗೂ ಹೇಳದ ಸಂಗತಿಯೊಂದಿತ್ತು. ಕೊಂಡ ಹದಿನಾಲ್ಕು ಆಟಗಳಲ್ಲಿ ಹದಿಮೂರರಲ್ಲಿ ಅವನು ಮೊದಲ ಊರನ್ನೇ ದಾಟಿರಲಿಲ್ಲ. ಹದಿನಾಲ್ಕನೆಯದರಲ್ಲಿ ಮಾತ್ರ ವೀರಕಶ್ಯಪ ಎಂಬ ಯೋಧನಾಗಿ ಎರಡು ವರ್ಷದಿಂದ ಕದ್ದು ಮುಚ್ಚಿ ಆಡಿ, ಬೆಳ್ಳಿಯ ಕವಚ, ಬಿಳಿ ಕುದುರೆ ಮತ್ತು ಒಂದು ನೀಲಿ ಕತ್ತಿ ಗಳಿಸಿದ್ದ. ಆ ಕತ್ತಿಗಾಗಿ ಒಂದು ಸರ್ಪದೊಡನೆ ಏಳು ಭಾನುವಾರ ಹೊಡೆದಾಡಿದ್ದ. ಅದೊಂದನ್ನು ಬಿಟ್ಟು ಬೇರೆ ಏನನ್ನಾದರೂ ತೋರಿಸಿ ಬಂದರಾಯಿತೆಂದು ಲೆಕ್ಕ ಹಾಕಿ, ಆಟದ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಕೆಳಗೆ ಬಂದ.

ಪಟಾಲಮ್ಮನವರ ಟೀವಿ ಅರ್ಧ ಗೋಡೆಯಷ್ಟಿತ್ತು. ತಂತಿ ಸಿಕ್ಕಿಸುವಷ್ಟರಲ್ಲಿ ಬ್ಲೌಸಿನ ಅಳತೆಗೆಂದು ಸಬೀರಾ ಬಂದಳು, ತಪಾಸಣೆಗೆಂದು ಸೇತುರಾಮರು ಬಂದರು. ಇಬ್ಬರೂ ಕೂತರು.

"ಓಪನ್ ವರ್ಲ್ಡ್ ಅಂದ್ರೆ ಅಮ್ಮಾ, ಇಷ್ಟ ಬಂದ ಕಡೆ ಹೋಗ್ಬೋದು. ಬೆಟ್ಟ, ಕಾಡು, ಹೊಲ, ಎಲ್ಲಿ ಬೇಕಾದ್ರೂ. ಯಾರೂ ಏನೂ ಕೇಳಲ್ಲ" ಎಂದು ಕಶ್ಯಪ ವಿವರಿಸಿದ.

"ಯಾರೂ ಕೇಳಲ್ವಾ? ಜಮೀನು ಯಾರ್ದು?"

"ಯಾರ್ದೂ ಅಲ್ಲಮ್ಮಾ."

"ಯಾರ್ದೂ ಅಲ್ಲದ ಜಮೀನು ಎಲ್ಲೈತಪ್ಪ? ಗೋಮಾಳವಾ?"

ಕಶ್ಯಪ ತಡವರಿಸಿ, "ಹ್ಞೂಂ, ಗೋಮಾಳದ ಥರಾನೇ" ಅಂದ. ಪಟಾಲಮ್ಮನವರ ಕಣ್ಣಲ್ಲಿ ಬೆಳಕು ಬಂತು.

ರೈತ ಹೆಂಗಸಲ್ಲವೇ ಎಂದು ಮೊದಲು ವ್ಯವಸಾಯದ ಆಟ ಹಾಕಿದ. ಹಸಿರು ಹೊಲ, ಹೆಂಚಿನ ಮನೆ, ಕೊಟ್ಟಿಗೆಯಲ್ಲಿ ಒಂದು ಹಸು. ಪಟಾಲಮ್ಮ ಎರಡು ನಿಮಿಷ ನೋಡಿದರು.

"ಈಗೇನ್ ಮಾಡ್ಬೇಕು?"

"ಸಗಣಿ ಬಾಚ್ಬೇಕು ಅಮ್ಮಾ. ಆಮೇಲೆ ಕಳೆ ಕೀಳ್ಬೇಕು."

"ಮೂವತ್ತು ವರ್ಸ ಸಗಣಿ ಬಾಚಿ ಸೊಂಟ ಬಿದ್ದೋಗೈತೆ. ಟೀವಿಯೊಳಗೂ ಬಾಚ್ಬೇಕಾ? ತಗಿ ಅದನ್ನ."

ಎರಡನೆಯದು ಕಾರಿನ ಆಟ. ಸಮುದ್ರದ ಪಕ್ಕದ ದೊಡ್ಡ ಊರು, ಕೆಂಪು ಕಾರು. ಪಟಾಲಮ್ಮನವರ ಬೆರಳಿಗೆ ರಿಮೋಟು ಒಗ್ಗದ ಕಾರಣ ಗುಂಡಿ ಒತ್ತುವ ಕೆಲಸ ಸಬೀರಾಳ ಪಾಲಿಗೆ ಬಂತು. ದಿನವಿಡೀ ಸೂಜಿ ದಾರದ ಜೊತೆ ಏಗುವ ಅವಳ ಬೆರಳುಗಳು ಐದೇ ನಿಮಿಷದಲ್ಲಿ ಪಳಗಿದವು. ಪಟಾಲಮ್ಮ ಹಿಂದಿನ ಸೀಟಿನಲ್ಲಿ ಕೂತವರಂತೆ ದಾರಿ ಹೇಳಿದರು. ಕೆಂಪು ದೀಪ ಕಂಡಲ್ಲೆಲ್ಲ ನಿಲ್ಲಿಸಿದರು, ಹಿಂದಿನ ಕಾರುಗಳು ಹಾರ್ನ್ ಹೊಡೆದು ಸತ್ತವು. ಕಡೆಗೆ ಹೂವಿನ ಗಾಡಿಯೊಂದಕ್ಕೆ ದಾರಿ ಬಿಡಲು ಹೋಗಿ ಕಾರು ಪಕ್ಕದಲ್ಲಿದ್ದ ಪೊಲೀಸಿನವನಿಗೆ ತಗುಲಿತು. ಸೈರನ್ ಕೂಗಿತು.

"ಓಡಿಸಿ, ಓಡಿಸಿ" ಅಂದ ಕಶ್ಯಪ.

"ಯಾಕ್ ಓಡ್ಬೇಕು? ಸ್ಟೇಸನ್ನಿಗೆ ಓಗಿ ತಪ್ಪಾಯ್ತು ಅನ್ನಾನ."

"ಅದಕ್ಕೆ ಬಟನ್ ಇಲ್ಲ ಅಮ್ಮಾ."

"ತಪ್ಪೊಪ್ಪಿಕೊಳ್ಳಾಕೆ ಬಟನ್ ಇಲ್ಲ, ಗುಂಡು ಒಡಿಯಾಕೆ ಮೂರು ಬಟನ್ ಐತೆ. ಇಂಥದನ್ನಾ ನೀನು ಆಡೋದು?"

ಸೇತುರಾಮರು ಕನ್ನಡಕ ತೆಗೆದು ಕಶ್ಯಪನನ್ನೇ ದೊಡ್ಡದಾಗಿ ನೋಡಿದರು. ಅವನಿಗೆ ಇಡೀ ಕಟ್ಟಡದ ಮುಂದೆ ಸಿಕ್ಕಿಬಿದ್ದ ಹಾಗಾಯಿತು. ಮೂರನೆಯದಾಗಿ ಹಡಗಿನ ಆಟ ಹಾಕಿದ, ಅಲೆ ಏಳುವುದನ್ನು ನೋಡಿ ಪಟಾಲಮ್ಮನವರಿಗೆ ವಾಕರಿಕೆ ಬಂತು. ಹನ್ನೊಂದೂವರೆ ಆಗಿತ್ತು. ಇನ್ನು ಪೆಟ್ಟಿಗೆ ಎತ್ತಿಕೊಂಡು ಹೊರಡಬಹುದು ಎಂದು ಕಶ್ಯಪ ಒಳಗೊಳಗೇ ಹಿಗ್ಗಿ ತಂತಿಗೆ ಕೈ ಹಾಕಿದ.

"ಆ ಕುದುರೆದು ತೋರಿಸಿ ಭಾಯ್" ಅಂದಳು ಸಬೀರಾ, ಏನೂ ಅರಿಯದವಳಂತೆ. "ಸಂಡೇ ಬಂದ್ರೆ ನಮ್ ತಲೆ ಮೇಲೆ ಟಕ್ ಟಕ್ ಅಂತಾನೇ ಇರುತ್ತಲ್ಲ, ಅದು."

"ಅದು ಕಷ್ಟ. ಅಮ್ಮಂಗೆ ಆಗಲ್ಲ."

"ಕುದುರೆ ಐತಾ?" ಅಂದರು ಪಟಾಲಮ್ಮ. "ಅದನ್ನಾಕು."

ಬೇರೆ ದಾರಿಯಿರಲಿಲ್ಲ. ವೀರಕಶ್ಯಪನ ತಂಟೆಗೆ ಹೋಗದ ಹಾಗೆ ಹೊಸದೊಂದು ಆಟವನ್ನೇ ಮೊದಲಿನಿಂದ ತೆರೆದು ಕೊಟ್ಟ. ಆ ಆಟ ಸೆರೆಮನೆಯಲ್ಲಿ ಶುರುವಾಗುತ್ತಿತ್ತು. ಕತ್ತಲೆ ಕೋಣೆ, ಒಂದು ಇಲಿ. ಹೊರಬರುವ ದಾರಿ ಹೇಳಿಕೊಡಬೇಕೆನ್ನುವಷ್ಟರಲ್ಲಿ ಪಟಾಲಮ್ಮನವರಿಗೆ ಮಾತ್ರೆ ಮುಗಿದದ್ದು ನೆನಪಾಯಿತು.

"ಊಟ ಆದ್ಮ್ಯಾಕೆ ನುಂಗೋದು. ಓಡೋಗಿ ತಗೊಂಡ್ಬಾರಪ್ಪ. ಇವರಿಬ್ಬರೂ ಇಲ್ಲೇ ಅವ್ರಲ್ಲ, ನೋಡ್ಕೋತಾರೆ."

ಗೇಟಿನ ಹತ್ತಿರದ ಔಷಧಿ ಅಂಗಡಿ ಭಾನುವಾರ ಮುಚ್ಚಿತ್ತು. ಮುಂದಿನದರಲ್ಲಿ ಆ ಮಾತ್ರೆ ಇರಲಿಲ್ಲ. ಯಲಹಂಕ ಉಪನಗರದ ತನಕ ಸ್ಕೂಟರಿನಲ್ಲಿ ಹೋದ. ಮಾತ್ರೆ ಕೊಂಡು ತಿರುಗುವಾಗ ಪೊಲೀಸರು ಸ್ಕೂಟರ್ ನಿಲ್ಲಿಸಿ ಹೊಗೆ ತಪಾಸಣೆಯ ಚೀಟಿ ಕೇಳಿದರು, ಆ ಚೀಟಿ ವಂದನಾಳ ಕೈಚೀಲದಲ್ಲಿ ಆರ್.ಟಿ. ನಗರಕ್ಕೆ ಹೋಗಿತ್ತು. ಅವಳಿಗೆ ಫೋನ್ ಮಾಡಿ, ಚೀಟಿಯ ಫೋಟೋ ತರಿಸಿ, ಬೈಸಿಕೊಂಡು, ಮನೆ ಮುಟ್ಟುವಾಗ ಎರಡು ಗಂಟೆ ದಾಟಿತ್ತು. ಆದರೂ ಅವನ ಮನಸ್ಸು ಹಗುರಾಗಿತ್ತು. ಅಷ್ಟು ಹೊತ್ತಿನಲ್ಲಿ ಅವನಿಗೆ ಒಂದೂ ಫೋನ್ ಬಂದಿರಲಿಲ್ಲ. ಅವನ ಶಿಫಾರಸು ಕೊನೆಗೂ ಫಲಿಸಿರಬೇಕು. ಇನ್ನು ಪೆಟ್ಟಿಗೆ ಎತ್ತಿಕೊಂಡು ಹೋದರೂ ಸಂಜೆಯ ತನಕ ನಾಲ್ಕು ಗಂಟೆ ಹೊತ್ತಿನ ಆಟ ತನ್ನದೇ ಎಂದುಕೊಂಡ.

ಒಳಗಿಂದ ನಗು ಕೇಳಿಸುತ್ತಿತ್ತು. ಮೂವರೂ ಸೋಫಾದ ಮೇಲೆ ಒತ್ತಾಗಿ ಕೂತು ಹುರಿಗಡಲೆ ತಿನ್ನುತ್ತಿದ್ದರು. ರಿಮೋಟು ಸಬೀರಾಳ ಕೈಯಲ್ಲಿ, ಪರದೆಯ ಇಂಗ್ಲಿಷ್ ಓದಿ ಹೇಳುವ ಕೆಲಸ ಸೇತುರಾಮರದು, ಅಪ್ಪಣೆ ಪಟಾಲಮ್ಮನವರದು. ಪರದೆಯ ಮೇಲೆ ಬಿಸಿಲು ಬಿದ್ದ ದೊಡ್ಡ ಪೇಟೆ. ಸೆರೆಮನೆಯಿಂದ ಆ ಪೇಟೆ ತಲುಪಲು ಕಶ್ಯಪನಿಗೆ ಎಂಟು ತಿಂಗಳು ಹಿಡಿದಿತ್ತು.

"ಇಲ್ಲಿಗೆ ಹೇಗೆ ಬಂದ್ರಿ?"

"ಹೆಣ್ಮಕ್ಕಳನ್ನ ಜೈಲಲ್ಲಿ ಕೂರಿಸಿ ಹೋಗಿದ್ರಲ್ರೀ" ಅಂದರು ಸೇತುರಾಮರು. "ನಾನು ಹಿಂದಕ್ಕೆ ಹೋಗಿ ನೋಡ್ದೆ. ಮುಂದುವರಿಸು ಅಂತ ಒಂದಿತ್ತು. ಒತ್ತಿದೆ. ನೇರವಾಗಿ ಕುದುರೆ ಮೇಲೇ ಕೂತಿದ್ವಿ."

ಪೇಟೆಯ ನಡುವೆ ಒಬ್ಬ ಮನುಷ್ಯ ಬರೀ ಒಳಚಡ್ಡಿಯಲ್ಲಿ ಕೈ ಕಟ್ಟಿಕೊಂಡು ನಿಂತಿದ್ದ. ಕಶ್ಯಪ ಹತ್ತಿರ ಹೋಗಿ ನೋಡಿದ. ಮೀಸೆಯಿಂದ ಗುರುತು ಹತ್ತಿತು. ವೀರಕಶ್ಯಪ.

"ಕವಚ ಎಲ್ಲಿ? ನನ್ನ ಕತ್ತಿ?"

"ಮಾರಿದ್ವಿ" ಅಂದರು ಪಟಾಲಮ್ಮ. "ಮೂಲೆ ಅಂಗಡಿಯೋನು ಚೆನ್ನಾಗಿ ತಗೊಂಡ. ಸಾಬೀರಮ್ಮ ನಾಕು ಅಂಗಡಿ ಸುತ್ತಿ ಚೌಕಾಸಿ ಮಾಡವ್ಳೆ."

"ಏಳು ಭಾನುವಾರ ಅಮ್ಮಾ ಆ ಕತ್ತಿಗೆ" ಎಂದ ಕಶ್ಯಪ. ಸ್ವರ ನೆಲಕ್ಕೆ ಇಳಿದಿತ್ತು. ರಿಮೋಟು ತೆಗೆದುಕೊಂಡು ತಡಕಾಡಿದ. ಆಟ ತನ್ನಷ್ಟಕ್ಕೆ ತಾನೇ ಎಲ್ಲವನ್ನೂ ಉಳಿಸಿಕೊಂಡಾಗಿತ್ತು, ಹಿಂದಕ್ಕೆ ಹೋಗುವ ದಾರಿಯಿರಲಿಲ್ಲ. ಮೂಲೆ ಅಂಗಡಿಯವನು ಕತ್ತಿ ವಾಪಸು ಕೊಡಲು ಮೂರು ಪಟ್ಟು ಕೇಳುತ್ತಿದ್ದ. ವೀರಕಶ್ಯಪನ ಹಣದ ಚೀಲ ಬರಿದಾಗಿತ್ತು.

"ಎಲ್ಲಾ ಎಲ್ಲಿ ಹೋಯ್ತು?"

ಪಟಾಲಮ್ಮ ಮಗುವಿಗೆ ಬುದ್ಧಿ ಹೇಳುವವರಂತೆ ಅವನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. "ನೋಡಪ್ಪ, ಎಲ್ಡು ವರ್ಸ ಆಡಿದೀಯಾ ಅಂತ ಅದ್ರಾಗೇ ಬರೆದೈತಂತೆ. ಅಷ್ಟು ದುಡಿದು, ಅಷ್ಟು ಬಡಿದಾಡಿ, ಒಂದ್ ಸ್ವಂತ ಮನೆ ಮಾಡ್ಕೊಂಡಿಲ್ಲ. ಮರದ ಕೆಳಗೆ ಮಲಗ್ತಿದ್ದೆ. ನೋಡಿ ಒಟ್ಟೆ ಉರೀತು ಕಣಪ್ಪ. ಕತ್ತಿ ಇಟ್ಕೊಂಡು ಏನ್ ಮಾಡ್ತೀಯಾ, ಅದೇನು ಬಿಸ್ಲಿಗೆ ಆಗ್ತದಾ, ಮಳೆಗೆ ಆಗ್ತದಾ? ನದಿ ಪಕ್ಕ ಎಲ್ಡು ಮನೆ ಸಿಕ್ತು. ಮೂಡಲ ಬಾಗಿಲು. ತಗೊಂಡ್ಬುಟ್ವಿ."

ಸಬೀರಾ ರಿಮೋಟು ವಾಪಸು ತೆಗೆದುಕೊಂಡು ಮನೆ ತೋರಿಸಿದಳು. ಕಲ್ಲಿನ ಗೋಡೆ, ಕೆಂಪು ಹೆಂಚು, ಅಂಗಳದಲ್ಲಿ ಸೇಬಿನ ಮರ. ಕಶ್ಯಪ ನೋಡುತ್ತಾ ಕೂತ. ಕೋಪ ಬರಬೇಕಾಗಿತ್ತು, ಬಾಯಿ ಬಿಟ್ಟರೆ ಬೈಗುಳವೇ ಬರುತ್ತದೆಂದುಕೊಂಡಿದ್ದ. ಆದರೆ ಮನೆ ನಿಜವಾಗಿ ಚೆನ್ನಾಗಿತ್ತು. ಎರಡು ವರ್ಷ ಆ ದಾರಿಯಲ್ಲೇ ಕುದುರೆ ಓಡಿಸಿದ್ದರೂ ಒಮ್ಮೆಯೂ ಅದರ ಕಡೆ ತಿರುಗಿ ನೋಡಿರಲಿಲ್ಲ. ವೀರಕಶ್ಯಪ ಒಳಚಡ್ಡಿಯಲ್ಲಿ ಆ ಬಾಗಿಲ ಮುಂದೆ ನಿಂತಿರುವುದನ್ನು ಕಂಡು, ತಡೆಯಲಾಗದೆ ಅವನೇ ಮೊದಲು ನಕ್ಕ. ಉಳಿದ ಮೂವರೂ ನಕ್ಕರು. ಸೇತುರಾಮರಿಗೆ ಹುರಿಗಡಲೆ ನೆತ್ತಿಗೇರಿತು.

ನಗು ಇಳಿದ ಮೇಲೆ ಕಶ್ಯಪ, "ಆಯ್ತು ಬಿಡಿ ಅಮ್ಮಾ. ಕತ್ತಿ ಹೋದ್ರೆ ಹೋಗ್ಲಿ. ನನಗೂ ಒಂದು ಮನೆ ಅಂತ ಆಯ್ತಲ್ಲ" ಅಂದ.

ಪಟಾಲಮ್ಮ ನಗುವುದನ್ನು ನಿಲ್ಲಿಸಿದರು.

"ನಿಂಗಾ? ಎಲ್ಡೂ ನಾನ್ ತಗೊಂಡಿರೋದು ಕಣಪ್ಪ. ಮನೆಗೆ ಯಾರ ಎಸರು ಅಂತ ಆಟ ಕೇಳ್ತು, ಸೇತುರಾಮಪ್ಪೋರು ನಂದೇ ಬರೆದ್ರು."

ಪರದೆಯ ಮೇಲಿನ ಬಾಗಿಲಿಗೆ ಮರದ ಫಲಕವೊಂದು ತೂಗುತ್ತಿತ್ತು. ಅದರ ಮೇಲೆ ಇಂಗ್ಲಿಷಿನಲ್ಲಿ 'ಪಟಾಲಮ್ಮ ನಿಲಯ' ಎಂದಿತ್ತು. ಸೇತುರಾಮರು ಕಾಗುಣಿತ ಸರಿಯಿದೆಯೇ ಎಂದು ಇನ್ನೊಮ್ಮೆ ತಪಾಸಣೆ ಮಾಡಿದರು.

"ಒಂದ್ರಲ್ಲಿ ನಾನಿರ್ತೀನಿ" ಅಂದರು ಪಟಾಲಮ್ಮ. "ಇನ್ನೊಂದು ಬಾಡಿಗೆಗೆ. ಗೊತ್ತಿರೋ ಉಡುಗ ಅಂತ ನಿಂಗೇ ಮೊದ್ಲು ಕೇಳ್ತಿದೀನಿ. ಕುದುರೇನ ಮಾತ್ರ ಒಳಕ್ಕೆ ತರಂಗಿಲ್ಲ."

ಕಶ್ಯಪ ಪರದೆಯನ್ನು ನೋಡಿದ, ಚಡ್ಡಿಯಲ್ಲಿ ನಿಂತ ವೀರನನ್ನು ನೋಡಿದ. ಹನ್ನೆರಡು ವರ್ಷ ಬೆಂಗಳೂರಿನಲ್ಲಿ ಮನೆ ಹುಡುಕಿದ ನಾಲಿಗೆ ಅವನನ್ನು ಕೇಳದೆಯೇ ಹೊರಳಿತು.

"ದಿನಾ ನೀರು ಬರುತ್ತಾ ಅಮ್ಮಾ?"