ಸೌಟು ಹಿಡಿದ ಸೊಸೆಗೆ ನಾನು ಮಾಡಿದ ಪ್ರಚಾರ

ಕುಂಚ ಹಿಡಿದವನ ಹಣೆಬರಹವೇ ಇಷ್ಟು. ಅವನು ಬರೆಯುವುದು ಒಂದು, ಜನ ನೋಡುವುದು ಇನ್ನೊಂದು. ನನಗಂತೂ ಇದು ಒಂದು ಸಲ ಆಗಿ ಮುಗಿದದ್ದಲ್ಲ, ಒಂದೇ ನಾಟಕದಲ್ಲಿ ನಾಲ್ಕು ಸಲ ಆಯಿತು.

ಎರಡನೇ ಮಹಾಯುದ್ಧದ ಕಾಲ. ಕೋಲಾರದಲ್ಲಿ ಹೈಸ್ಕೂಲು ಓದುತ್ತಿದ್ದೆ. ನಮ್ಮ ನಾಟಕ ಸಂಘದಲ್ಲಿ ನನಗೆ ಒಮ್ಮೆ ದ್ವಾರಪಾಲಕನ ಪಾತ್ರ ಕೊಟ್ಟಿದ್ದರು. ಪರದೆ ಎದ್ದ ಕೂಡಲೇ ಜನರನ್ನು ನೋಡಿ, ರಾಜ ಬರುವ ಮುಂಚೆಯೇ ಈಟಿ ಅಲ್ಲೇ ಬಿಟ್ಟು ಮನೆಗೆ ಹೋಗಿಬಿಟ್ಟೆ. ಆಮೇಲೆ ನನಗೆ ವೇಷ ಕೊಡಲಿಲ್ಲ, ಪ್ರಚಾರದ ಕೆಲಸ ಕೊಟ್ಟರು.

ಹಿಂದಿನ ವರ್ಷ ನಾಟಕಕ್ಕೆ ಬಂದವರು ಹನ್ನೊಂದು ಜನ. ಅದರಲ್ಲಿ ಏಳು ಜನ ವೇಷ ಹಾಕಿದವರ ಅಜ್ಜಿಯರು. ಹೆಡ್‌ಮಾಸ್ಟರು ನನ್ನನ್ನು ಕರೆದು ಖಂಡಿತವಾಗಿ ಹೇಳಿದರು: "ನೋಡೋ, ಈ ಸಲ ಹಾಲ್ ತುಂಬಿದ್ರೆ ಸರಿ. ಇಲ್ದಿದ್ರೆ ಸೋಮವಾರವೇ ಸಂಘಕ್ಕೆ ಬೀಗ. ನಿಮ್ಮ ಸಂಘದ ಕೋಣೆಯಲ್ಲಿ ಡ್ರಿಲ್ ಮಾಸ್ಟರ ದೊಣ್ಣೆಗಳನ್ನ ಇಡಿಸ್ತೀನಿ."

ಲೆಕ್ಕ ಬಾರದ, ಹಾಡು ಬಾರದ, ಓಡಲೂ ಬಾರದ ನನಗೆ ಇಡೀ ಸ್ಕೂಲಿನಲ್ಲಿ ಬಣ್ಣದ ಡಬ್ಬಿ ಇಟ್ಟುಕೊಂಡು ಕೂರಲು ಇದ್ದದ್ದು ಆ ಒಂದು ಕೋಣೆ. ಹಾಲ್ ತುಂಬಿಸಿಯೇ ತೀರುತ್ತೇನೆ ಎಂದು ಶಪಥ ಮಾಡಿದೆ.

ನಾಟಕದ ಹೆಸರು 'ಸೌಟು ಹಿಡಿದ ಸೊಸೆ'. ಚಂಪಕವಲ್ಲಿ ಎಂಬ ಬಾಯಿಬಡುಕಿ ಸೊಸೆ ಅತ್ತೆಯನ್ನೂ ಗಂಡನನ್ನೂ ಸೌಟು ಹಿಡಿದು ಮನೆಯೆಲ್ಲಾ ಓಡಾಡಿಸುತ್ತಾಳೆ. ಕೊನೆಯ ಅಂಕದಲ್ಲಿ ಗಂಡ ಕೋಲು ಎತ್ತುತ್ತಾನೆ, ಅವಳಿಗೆ ಬುದ್ಧಿ ಬರುತ್ತದೆ. ಚಂಪಕವಲ್ಲಿಯ ವೇಷ ನಮ್ಮ ಕ್ಲಾಸಿನ ನನ್ನ ಗೆಳೆಯನದು. ಬಾಯಿಯಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ.

೧. ಗೋಡೆಯ ಮೇಲೆ ಹನ್ನೆರಡು

ಆಗ ಕಾಗದ ಸಿಗುವುದೇ ದುರ್ಲಭ. ಸ್ಕೂಲಿನ ಉಗ್ರಾಣದಲ್ಲಿ ಹಿಂದಿನ ಪರೀಕ್ಷೆಯ ಉತ್ತರ ಪತ್ರಿಕೆಗಳು ಕಟ್ಟು ಕಟ್ಟಾಗಿ ಬಿದ್ದಿದ್ದವು. ಒಂದು ಬದಿ ಬರೆದದ್ದು, ಇನ್ನೊಂದು ಬದಿ ಖಾಲಿ. ಗುಮಾಸ್ತರನ್ನು ಕಾಡಿ ಬೇಡಿ ತಂದು, ಖಾಲಿ ಬದಿಯಲ್ಲಿ ನೀಲಿ ಬಣ್ಣದಲ್ಲಿ ದೊಡ್ಡದಾಗಿ ನಾಟಕದ ಹೆಸರು, ದಿನ, ಜಾಗ ಎಲ್ಲ ಬರೆದೆ. ಅಂಟಿಸುವುದಕ್ಕೆ ಒಬ್ಬ ಆಳನ್ನು ಗೊತ್ತು ಮಾಡಿ, ರಾಗಿ ಗಂಜಿ ಕಾಯಿಸಿ ಕೊಟ್ಟು, "ಬರೆದಿರೋ ಕಡೆ ಹೊರಗಿರಲಪ್ಪಾ" ಎಂದು ಹೇಳಿ ಶ್ರೀನಿವಾಸಪುರಕ್ಕೆ ಕಳಿಸಿದೆ.

ಸಂತೆಯ ದಿನ ಸಾಯಂಕಾಲ ನಮ್ಮಪ್ಪ ಶ್ರೀನಿವಾಸಪುರದಿಂದ ಬಂದವರು ಚೀಲ ಕೂಡ ಇಳಿಸಲಿಲ್ಲ.

"ಏನ್ಲಾ, ಚರಿತ್ರೆಯಲ್ಲಿ ಐವತ್ತೆರಡು ಬಂದೈತೆ ಅಂದಿದ್ಯಲ್ಲಾ?"

"ಹೂಂ ಅಪ್ಪಾ."

"ಸಂತೆ ಗೋಡೆ ಮ್ಯಾಲೆ ಹನ್ನೆರಡು ಐತೆ. ಕೆಂಪು ಶಾಯಿ. ನಿನ್ನ ಹೆಸರೂ ಐತೆ."

ಮರುದಿನ ಓಡಿಹೋಗಿ ನೋಡಿದರೆ ಅಂಟಿಸಿದ ಅಷ್ಟೂ ಕಾಗದ ತಿರುಗುಮುರುಗು. ಆಳನ್ನು ಹಿಡಿದು ಕೇಳಿದೆ. ಅವನಿಗೆ ಓದು ಬರದು. ಅವನು ನನಗೇ ತಿಳಿಹೇಳಿದ: "ಆ ಕಡೆ ಏನಿತ್ತು ಸ್ವಾಮಿ, ಎರಡು ಸಾಲು. ಈ ಕಡೆ ನೋಡಿ, ಎಷ್ಟೊಂದು ವಿಷಯ ಐತೆ!" ಗೋಡೆಯ ಮುಂದೆ ಜನ ಜಮಾಯಿಸಿ ಒಬ್ಬ ಓದಿ ಹೇಳುತ್ತಿದ್ದ, ಉಳಿದವರು ನಗುತ್ತಿದ್ದರು. ಶ್ರೀನಿವಾಸಪುರಕ್ಕೆಲ್ಲಾ ನನ್ನ ಮಾರ್ಕು ಬಾಯಿಪಾಠವಾಯಿತು, ನಾಟಕದ ಹೆಸರು ಮಾತ್ರ ಒಬ್ಬರಿಗೂ ಗೊತ್ತಾಗಲಿಲ್ಲ.

೨. ಹೆಡ್‌ಮಾಸ್ಟರ ಮಗಳು

ಕೈಬರಹ ಸಾಕು, ಅಚ್ಚು ಹಾಕಿಸೋಣ ಎಂದು ಪೇಟೆಯ ಪ್ರೆಸ್ಸಿಗೆ ಹೋದೆ. ಅದರ ಯಜಮಾನರು ಇಪ್ಪತ್ತು ವರ್ಷದಿಂದ ಮದುವೆ ಕಾಗದ ಬಿಟ್ಟು ಬೇರೇನೂ ಅಚ್ಚು ಹಾಕಿದವರಲ್ಲ. ನಾನು ಚೀಟಿಯಲ್ಲಿ ಚಂಪಕವಲ್ಲಿಯ ಹೆಸರು, ಗಂಡನ ಪಾತ್ರದ ಹೆಸರು, ಶನಿವಾರ ಸಾಯಂಕಾಲ ಐದು ಗಂಟೆ, ಹೈಸ್ಕೂಲ್ ಹಾಲ್, ಅಧ್ಯಕ್ಷರು ಹೆಡ್‌ಮಾಸ್ಟರು ಎಂದು ಬರೆದುಕೊಟ್ಟೆ. ಯಜಮಾನರು ಕನ್ನಡಕದ ಮೇಲಿಂದ ನೋಡಿ, "ನಾನೆಲ್ಲಾ ಸರಿಮಾಡ್ತೀನಿ, ಹೋಗಯ್ಯಾ" ಎಂದರು.

ಅವರು ಸರಿಮಾಡಿದ ನೋಟೀಸು ಮೊದಲು ಹೋದದ್ದು ಹೆಡ್‌ಮಾಸ್ಟರ ಬೀದಿಗೆ. ಮೇಲೆ ಗಣಪತಿ, ಎರಡು ಕಡೆ ಬಾಳೆಕಂಬ. ಕೆಳಗೆ, ಹೆಡ್‌ಮಾಸ್ಟರು ತಮ್ಮ ಜ್ಯೇಷ್ಠ ಪುತ್ರಿ ಚಿರಂಜೀವಿ ಸೌಭಾಗ್ಯವತಿ ಚಂಪಕವಲ್ಲಿಯ ವಿವಾಹವನ್ನು ಶನಿವಾರ ಹೈಸ್ಕೂಲ್ ಹಾಲಿನಲ್ಲಿ ನೆರವೇರಿಸುವುದಾಗಿಯೂ, ಎಲ್ಲರೂ ಸಕುಟುಂಬರಾಗಿ ಬರಬೇಕಾಗಿಯೂ ವಿನಂತಿ.

ನಾನು ಪ್ರೆಸ್ಸಿಗೆ ನುಗ್ಗಿ ಕೂಗಾಡಿದೆ. ಯಜಮಾನರು ಅಲುಗಲಿಲ್ಲ. "ಹುಡುಗಿ ಹೆಸರೈತೆ, ಹುಡುಗನ ಹೆಸರೈತೆ, ದಿನ ಐತೆ, ಹೊತ್ತೈತೆ, ದೊಡ್ಡೋರೊಬ್ಬರ ಹೆಸರೂ ಐತೆ. ಮದುವೆ ಅಲ್ದೆ ಮತ್ತೇನಯ್ಯಾ? ಊಟದ ವಿಷಯ ನೀನು ಬರೀಲಿಲ್ಲ, ಅದಕ್ಕೆ ನಾನೂ ಹಾಕಲಿಲ್ಲ."

ಉಳಿದದ್ದನ್ನೆಲ್ಲ ಒಲೆಗೆ ಹಾಕಿಸಿ ಹೆಡ್‌ಮಾಸ್ಟರ ಮನೆಗೆ ಕ್ಷಮೆ ಕೇಳಲು ಹೋದೆ. ಅಷ್ಟರಲ್ಲಿ ಒಂದು ಪ್ರತಿ ಅವರ ಮನೆಯವರ ಕೈಗೆ ಸೇರಿತ್ತು. ಒಳಗಿನಿಂದ ಮಾತು ಕೇಳಿಸಿತು: "ನಾನು ಹೆತ್ತದ್ದು ಮೂರೂ ಗಂಡು. ಈ ಹಿರೀ ಮಗಳು ಯಾವೂರಲ್ಲಿ ಇದ್ಳು? ಅದನ್ನ ಮೊದಲು ಹೇಳಿ!"

ಎರಡು ದಿನ ಹೆಡ್‌ಮಾಸ್ಟರು ಹೋಟೆಲ್ ಇಡ್ಲಿಯಲ್ಲೇ ಕಾಲ ಹಾಕಿದರು.

೩. ಮಾಲೂರಿನಲ್ಲಿ ಸೌಟು

ಕಾಗದದ ಸಹವಾಸವೇ ಬೇಡ ಎನ್ನಿಸಿತು. ಒಂದು ಹಲಗೆಯ ಮೇಲೆ ಉದ್ದ ಹಿಡಿಯ ಸೌಟಿನ ಚಿತ್ರ ಬರೆದು, ತುದಿಯಲ್ಲಿ ಸಾರು ತೊಟ್ಟಿಕ್ಕುವ ಹಾಗೆ ಕೆಂಪು ಹನಿಗಳನ್ನು ಹಾಕಿದೆ. ತಮಟೆಯವನ ಎದೆಗೆ ಅದನ್ನು ಕಟ್ಟಿ ಅವನ ಜೊತೆ ಮಾಲೂರಿಗೆ ಹೋದೆ. ಸ್ಟೇಷನ್ನಿನ ಹತ್ತಿರದ ಬೀದಿಯಲ್ಲಿ ಅವನು ತಮಟೆ ಬಾರಿಸಿದ್ದೇ ತಡ, ಬಾಗಿಲುಗಳು ದಡದಡ ಮುಚ್ಚಿಕೊಂಡವು. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಹಿತ್ತಿಲಿಗೆ ಓಡಿದರು. ಎಪ್ಪತ್ತು ವರ್ಷದ ಒಬ್ಬ ತಾತ ಗೋಡೆ ಹಾರಿದ್ದನ್ನು ನಾನು ಕಣ್ಣಾರೆ ಕಂಡೆ.

ಬೀದಿಯಲ್ಲಿ ಉಳಿದವನು ಒಬ್ಬನೇ. ಅವನು ಊದಿಕೊಂಡ ತೋಳನ್ನು ಮುಂದೆ ಮಾಡಿ ಅಳು ಮುಖದಲ್ಲಿ ಕೈಮುಗಿದ: "ಪ್ಲೇಗಿನ ಸೂಜಿ ಮೊನ್ನೇನೇ ಚುಚ್ಚವ್ರೆ ಸ್ವಾಮಿ. ಅದಕ್ಕಿಂತ ಇದು ಭಾಳ ದೊಡ್ಡದೈತೆ, ಇದನ್ನ ಎಲ್ಲಿಗೆ ಚುಚ್ತೀರಾ?"

೪. ನಾಲ್ಕು ಕೈಯವಳು

ಉಳಿದದ್ದು ಮೂರೇ ದಿನ. ಹೆಡ್‌ಮಾಸ್ಟರು ಎದುರಿಗೆ ಸಿಕ್ಕಿದಾಗ ಬೀಗವನ್ನು ಜೇಬಿನಿಂದ ತೆಗೆದು ತೋರಿಸಿದರು. ನನಗೆ ಅಳುವೇ ಬಂತು.

ಮನೆಯಲ್ಲಿದ್ದ ಹಳೆಯ ಪಂಚೆಯ ಮೇಲೆ ಚಂಪಕವಲ್ಲಿಯನ್ನು ಆಳೆತ್ತರಕ್ಕೆ ಬರೆಯಲು ಕೂತೆ. ನಾನು ಚಿತ್ರ ಕಲಿತದ್ದು ದೇವರ ಮನೆಯ ಪಟಗಳನ್ನು ನೋಡಿ. ಹಾಗಾಗಿ ಯಾವ ಹೆಂಗಸನ್ನು ಬರೆದರೂ ದೊಡ್ಡ ಕಣ್ಣು, ದೊಡ್ಡ ಮೂಗುತಿ, ನೇರ ನೋಟ. ಒಂದೇ ಸಲಕ್ಕೆ ಅಡುಗೆ, ಕಸ, ಜಗಳ ಎಲ್ಲವನ್ನೂ ಮಾಡುವವಳು ಎಂದು ತೋರಿಸಲು ನಾಲ್ಕು ಕೈ ಹಾಕಿದೆ. ಸೌಟು, ಪೊರಕೆ, ಮೊರ, ಚೊಂಬು. ಕೋಲಾರದಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ, ಬೇವಿನ ಮರದ ಕೆಳಗಿನ ಗೋಡೆಗೆ ಕಟ್ಟಿ ಬಂದೆ.

ಬೆಳಿಗ್ಗೆ ಹೋಗಿ ನೋಡಿದರೆ ಚಂಪಕವಲ್ಲಿಯ ಹಣೆಗೆ ಕುಂಕುಮ ಬಿದ್ದಿದೆ, ಸೌಟಿಗೆ ಕನಕಾಂಬರದ ಮಾಲೆ, ಕೆಳಗೆ ಒಡೆದ ತೆಂಗಿನಕಾಯಿ. ಬೈರಕೂರಿನ ಕಡೆಯಿಂದ ಬಸ್ಸಿಳಿದ ಒಬ್ಬ ಅಜ್ಜಿ ಚಪ್ಪಲಿ ಬಿಟ್ಟು ಕೈಮುಗಿದು ನಿಂತಿದ್ದಳು. "ಈ ಅಮ್ಮವಾರು ಎವರು ನಾಯನಾ?" ಎಂದು ತೆಲುಗಿನಲ್ಲಿ ಕೇಳಿದಳು.

ಇದು ಯಾವ ದೇವಿಯೂ ಅಲ್ಲ ಎಂದು ಹೇಳಲು ಬಾಯಿ ತೆರೆದೆ. ಹೆಡ್‌ಮಾಸ್ಟರ ಬೀಗ ಕಣ್ಣ ಮುಂದೆ ಬಂತು. "ಶನಿವಾರ ಸಾಯಂಕಾಲ ಹೈಸ್ಕೂಲ್ ಹಾಲಿಗೆ ಬನ್ನಿ ಅಜ್ಜಿ, ನೀವೇ ನೋಡೀರಂತೆ" ಎಂದೆ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ, ಈಗಲೂ ಆಣೆ ಮಾಡಿ ಹೇಳುತ್ತೇನೆ.

ಅಜ್ಜಿಯ ಬಾಯಿಂದ ಸುದ್ದಿ ಊರೂರಿಗೆ ಹಬ್ಬಿತು. ಶನಿವಾರ ನಾಲ್ಕು ಗಂಟೆಗೇ ಮುಳಬಾಗಿಲು ರಸ್ತೆಯಲ್ಲಿ ಎತ್ತಿನಗಾಡಿಗಳ ಸಾಲು. ಟೇಕಲ್ಲಿನಿಂದ ಒಂದು ಗುಂಪು ರೈಲು ಹಿಡಿದು ಬಂದಿತ್ತು. ಹಾಲ್ ತುಂಬಿತು, ಕಿಟಕಿ ತುಂಬಿತು, ಮರ ತುಂಬಿತು. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ನಾನು ಪರದೆಯ ಸಂದಿನಿಂದ ನೋಡಿ ನೋಡಿ ಕುಣಿದೆ. ಜೀವಮಾನದಲ್ಲಿ ಅಂಥ ಸಂತೋಷ ನನಗೆ ನನ್ನ ಮದುವೆಯ ದಿನವೂ ಆಗಲಿಲ್ಲ.

ಪರದೆ ಎದ್ದಿತು. ಗೆಳೆಯ ಸೀರೆಯುಟ್ಟು ಸೌಟು ಎತ್ತಿದ. ಮುಂದಿನ ಸಾಲಿನಲ್ಲಿ ಕರ್ಪೂರ ಹತ್ತಿತು. ಅವನು ಅತ್ತೆಯನ್ನು ಬೈದಾಗ ಸೊಸೆಯಂದಿರೆಲ್ಲ ಕೈಮುಗಿದರು. ಕೊನೆಯ ಅಂಕದಲ್ಲಿ ಗಂಡನ ಪಾತ್ರದವನು ಕೋಲೆತ್ತಿದ. ಇಡೀ ಹಾಲ್ ಎದ್ದು ನಿಂತಿತು. "ಲೇ! ಅಮ್ಮನ ಮ್ಯಾಲೆ ಕೋಲೆತ್ತೀಯೇನ್ಲಾ?" ಅವನು ಕೋಲನ್ನು ಬಿಸಾಡಿ, ನಾಟಕದಲ್ಲಿ ಇಲ್ಲದ ಸಾಷ್ಟಾಂಗ ನಮಸ್ಕಾರ ಹಾಕಿಬಿಟ್ಟ. ಚಂಪಕವಲ್ಲಿಗೆ ಬುದ್ಧಿ ಬರದೆಯೇ ನಾಟಕ ಮುಗಿಯಿತು.

ಜನ ಮನೆಗೆ ಹೋಗಲಿಲ್ಲ. ವೇದಿಕೆಯ ಮುಂದೆ ಸಾಲು ನಿಂತು ಒಬ್ಬೊಬ್ಬರಾಗಿ ಅಡ್ಡಬಿದ್ದರು. ಗೆಳೆಯ ಮೊದಲು ಕಂಗಾಲಾದ, ಆಮೇಲೆ ಹದಕ್ಕೆ ಬಂದು ಎಲ್ಲರ ತಲೆಯ ಮೇಲೂ ಸೌಟು ಇಟ್ಟು ಹರಸತೊಡಗಿದ. ಹೆಡ್‌ಮಾಸ್ಟರು ಅಧ್ಯಕ್ಷ ಭಾಷಣ ಮಾಡಲು ಮುಂದೆ ಬಂದರು. ಬೈರಕೂರಿನ ಅಜ್ಜಿ ಅವರ ರಟ್ಟೆ ಹಿಡಿದು ಜಗ್ಗಿದಳು. ಅವರ ಮನೆಯವರೂ ಪಕ್ಕದಲ್ಲೇ ನಿಂತು, "ನಮಸ್ಕಾರ ಮಾಡ್ರೀ, ಎಲ್ಲರೂ ನೋಡ್ತಾ ಇದಾರೆ" ಎಂದು ಗದರಿದರು. ಹಿಂದಿನ ದಿನವಷ್ಟೇ ಲೆಕ್ಕ ಬರಲಿಲ್ಲವೆಂದು ತಾವು ಬೆತ್ತದಲ್ಲಿ ಬಾರಿಸಿದ್ದ ಹುಡುಗನ ಎದುರು ಹೆಡ್‌ಮಾಸ್ಟರು ಪೇಟ ತೆಗೆದು ತಲೆ ಬಗ್ಗಿಸಿದರು.

ಗೆಳೆಯ ಅವರ ತಲೆಯ ಮೇಲೆ ಸೌಟು ಇಟ್ಟ.

"ಮಗನೇ," ಎಂದ ಗಂಭೀರವಾಗಿ, "ನಾಟಕ ಸಂಘಕ್ಕೆ ಬೀಗ ಹಾಕ್ತೀಯಾ?"

ಹೆಡ್‌ಮಾಸ್ಟರು ಒಮ್ಮೆ ಜನರ ಕಡೆ ನೋಡಿದರು, ಒಮ್ಮೆ ತಮ್ಮ ಹೆಂಡತಿಯ ಕಡೆ ನೋಡಿದರು. ಆಮೇಲೆ ಎರಡೂ ಕೈ ಜೋಡಿಸಿದರು.

"ಇಲ್ಲ ತಾಯಿ."