ಎರಡೂವರೆ ನಕ್ಷತ್ರದ ಶಾಲೆಯ ಕುರಿತು ಆ್ಯಪ್ ಮಹಾಶಯರ ಸನ್ನಿಧಿಗೆ

ನಮ್ಮ ಊರಿನ ಸಕಲ ಶಾಲೆಗಳ ಹಣೆಬರಹವನ್ನು ಐದು ನಕ್ಷತ್ರಗಳೊಳಗೆ ಬರೆದು ಮುಗಿಸುವ ಮೊಬೈಲ್ ಆ್ಯಪ್ ಮಹಾಶಯರಿಗೆ,

ಮಾನ್ಯರೇ,

ತಮ್ಮ ಸರ್ವರ್ ಸದಾ ಎಚ್ಚರವಾಗಿರಲಿ, ತಮ್ಮ ತೆರೆಯ ಮೇಲಿನ ಆ ಪುಟ್ಟ ಚಕ್ರ ಅನವಶ್ಯಕವಾಗಿ ತಿರುಗದಿರಲಿ, ತಮ್ಮನ್ನು ನಂಬಿದವರ ಸಂಖ್ಯೆ ಇನ್ನಷ್ಟು ಹೆಚ್ಚಿ ನನ್ನ ಪೆದ್ದುತನಕ್ಕೆ ಜೊತೆಗಾರರು ಸಿಗಲಿ ಎಂದು ಹಾರೈಸುತ್ತ ಈ ಪತ್ರವನ್ನು ಆರಂಭಿಸುತ್ತೇನೆ.

ನಾನು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಗುಮಾಸ್ತೆ. ಜನ ತಂದುಕೊಡುವ ದೂರುಗಳನ್ನು ಪಡೆದು, ಮೊಹರು ಒತ್ತಿ, ಮೇಲಿನವರಿಗೆ ಕಳಿಸಿ, ಮೇಲಿನವರು ಕೆಳಗೆ ಕಳಿಸಿದಾಗ ಮತ್ತೆ ಮೇಲಕ್ಕೆ ಏರಿಸುವುದು ನನ್ನ ಕಸುಬು. ಆದ್ದರಿಂದ ಒಂದು ದೂರಿಗೆ ಕೊನೆಗೆ ಏನು ಗತಿಯಾಗುತ್ತದೆ ಎಂಬುದನ್ನು ನನ್ನಷ್ಟು ಬಲ್ಲವರು ಕಡಿಮೆ. ಬಲ್ಲೆನಾದರೂ ಬರೆಯುತ್ತಿದ್ದೇನೆ ಎಂದರೆ ನನ್ನ ಸಂಕಟ ಎಷ್ಟೆಂದು ತಾವೇ ಊಹಿಸಿ. ಕನ್ನಡ ಮಾಧ್ಯಮದಲ್ಲಿ ಓದಿ ಪದವಿ ಪಡೆದವಳು ನಾನು. ಆ ಪದವಿಯಿಂದ ನನಗೆ ನೌಕರಿ ಸಿಕ್ಕಿತೋ ಇಲ್ಲವೋ ಎಂಬ ಬಗ್ಗೆ ಮನೆಯಲ್ಲಿ ಭಿನ್ನಾಭಿಪ್ರಾಯವಿದೆ, ಪ್ರಾಸದ ಚಟ ಅಂಟಿದ್ದರ ಬಗ್ಗೆ ಮಾತ್ರ ಯಾರಿಗೂ ಅನುಮಾನವಿಲ್ಲ. ಪೈಪು ಒಡೆದರೂ ನಾನು ಅದಕ್ಕೊಂದು ಪದ್ಯ ಕಟ್ಟಬಲ್ಲೆ. ಪೈಪು ಕಟ್ಟುವವರನ್ನು ಕಳಿಸುವುದಷ್ಟೇ ಕಷ್ಟ.

ವಿಷಯಕ್ಕೆ ಬರುತ್ತೇನೆ. ನನ್ನ ಮಗಳು ಈ ವರ್ಷ ಐದನೆಯ ತರಗತಿ ಮುಗಿಸಿದಳು. ಅವಳು ಓದಿದ ಶಾಲೆಗೆ ತಾವು ನಾಲ್ಕು ನಕ್ಷತ್ರ ದಯಪಾಲಿಸಿದ್ದೀರಿ. ಅಲ್ಲಿಗೆ ಸೇರುವ ಮುಂಚೆ ಅವಳು ಬಾಯಿ ತೆರೆದರೆ ಪ್ರಶ್ನೆ, ಮುಚ್ಚಿದರೆ ನಿದ್ರೆ. ಅಲ್ಲಿನ ಮಿಸ್ ಒಂದು ದಿನ "ಪಾಠದಲ್ಲಿ ಇಲ್ಲದ್ದನ್ನೆಲ್ಲ ಕೇಳ್ಬೇಡ, ಕೂತ್ಕೋ" ಎಂದರಂತೆ. ಕೂತವಳು ಕೂತೇಬಿಟ್ಟಳು. ಆಮೇಲೆ ತರಗತಿಯಲ್ಲಿ ಅವಳ ಕೈ ಮೇಲೆದ್ದದ್ದನ್ನು ಯಾರೂ ಕಂಡಿಲ್ಲ, ಮನೆಯಲ್ಲೂ "ಇವತ್ತು ಏನು ಕಲಿತೆ ಮಗಳೇ?" ಎಂದರೆ "ಏನೋ" ಎಂಬ ಒಂದೇ ಉತ್ತರ. ಪ್ರಗತಿ ಪತ್ರದಲ್ಲಿ ಮಾತ್ರ 'ಶಿಸ್ತು: ಅತ್ಯುತ್ತಮ' ಎಂದು ಬಂತು. ನಾನು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಬಂದವರಿಗೆಲ್ಲ ತೋರಿಸಿ, ಮಗು ಮೂಕವಾದದ್ದನ್ನು ಮರ್ಯಾದೆಯೆಂದು ತಿಳಿದೆ.

ಆ ಶಾಲೆ ಐದಕ್ಕೆ ಮುಗಿಯುವುದರಿಂದ ಆರಕ್ಕೆ ಬೇರೆ ಶಾಲೆ ಹುಡುಕಬೇಕಾಯಿತು. ನಮ್ಮ ಬೀದಿಯ ತಿರುವಿನಲ್ಲೇ ಸರಕಾರಿ ಮಾಧ್ಯಮಿಕ ಶಾಲೆಯಿದೆ. ನಾನು ದಿನಾ ಅದರ ಮುಂದೆಯೇ ಬಸ್ಸು ಹಿಡಿಯುತ್ತೇನೆ, ಅದರ ಗಂಟೆ ಕೇಳಿಯೇ ತಡವಾಯಿತೆಂದು ಓಡುತ್ತೇನೆ. ಆದರೆ ಅದು ಹೇಗಿದೆ ಎಂದು ತಿಳಿಯಲು ಒಮ್ಮೆ ತಲೆ ತಿರುಗಿಸಿ ನೋಡಬಹುದೆಂಬುದು ನನಗೆ ಹೊಳೆಯಲಿಲ್ಲ. ತಲೆ ತಗ್ಗಿಸಿ ತಮ್ಮನ್ನು ನೋಡಿದೆ. ತಾವು ಎರಡೂವರೆ ನಕ್ಷತ್ರ ತೋರಿಸಿದಿರಿ. ಕೆಳಗೆ ಪೋಷಕರ ಅಭಿಪ್ರಾಯಗಳು ಸಾಲಾಗಿದ್ದವು: 'ದಯವಿಟ್ಟು ಇಲ್ಲಿ ಸೇರಿಸಬೇಡಿ', 'ಮಕ್ಕಳ ಜೀವನದ ಪ್ರಶ್ನೆ', 'ದೂರದ ಶಾಲೆಯಾದರೂ ಪರವಾಗಿಲ್ಲ, ಇದು ಬೇಡ'. ಓದುತ್ತ ಓದುತ್ತ ಆ ಪೋಷಕರಿಗಾಗಿ ನನ್ನ ಕರುಳು ಚುರ್ ಎಂದಿತು. ಅದೇ ಹೊತ್ತಿಗೆ ನನ್ನ ನಾದಿನಿ ಫೋನು ಮಾಡಿ, "ಅತ್ತಿಗೆ, ನಮ್ಮ ಹುಡುಗನ ಸ್ಕೂಲಿಗೆ ಪೂರ್ತಿ ಐದು ಸ್ಟಾರ್, ಲಿಫ್ಟ್ ಬೇರೆ ಇದೆ" ಎಂದಳು. ಹತ್ತು ವರ್ಷದ ಮಕ್ಕಳಿಗೆ ಲಿಫ್ಟ್ ಯಾಕೆಂದು ಕೇಳುವ ಬದಲು, ಎಷ್ಟು ಜನ ಹಿಡಿಸುತ್ತಾರೆ ಎಂದು ಕೇಳಿದೆ.

ನನ್ನ ಗಂಡ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವರು. ಊರಿನವರ ಕಣ್ಣು ಸರಿ ಮಾಡಿ ಮನೆಗೆ ಬಂದು, ಇಲ್ಲಿ ಹೆಂಡತಿ ರಾತ್ರಿ ಊಟದ ತಟ್ಟೆಯ ಪಕ್ಕದಲ್ಲೂ ತಮ್ಮನ್ನು ಇಟ್ಟುಕೊಂಡಿದ್ದನ್ನು ಸಹಿಸಿ ಸಹಿಸಿ, ಕೊನೆಗೊಂದು ದಿನ, "ಫೋನಲ್ಲಿ ನೋಡಿದ್ದು ಸಾಕು ಮಾರಾಯ್ತಿ, ಒಂದ್ಸಲ ಬರಿಗಣ್ಣಲ್ಲಿ ನೋಡ್ಬಿಟ್ಟು ಬಾ" ಎಂದರು. ಅವರ ಬಾಯಿ ಮುಚ್ಚಿಸುವುದಕ್ಕಾಗಿ, ಅಂದರೆ ಆ ಶಾಲೆ ಕೆಟ್ಟದ್ದೆಂದು ಸ್ಥಳ ಪರೀಕ್ಷೆಯಿಂದಲೇ ಸಾಬೀತು ಮಾಡುವುದಕ್ಕಾಗಿ, ಅರ್ಧ ದಿನ ರಜೆ ಹಾಕಿ ಮಗಳ ಕೈ ಹಿಡಿದುಕೊಂಡು ಹೊರಟೆ.

ಮಾನ್ಯರೇ, ತಪ್ಪು ಹುಡುಕಲು ನಾನು ಪಟ್ಟ ಶ್ರಮವನ್ನು ತಾವು ಮೆಚ್ಚಲೇಬೇಕು. ಮೊದಲು ಶೌಚಾಲಯಕ್ಕೆ ಹೋಗಿ ಮೂಗರಳಿಸಿದೆ. ವಾಸನೆ ಬರಲಿಲ್ಲ, ನಿರಾಸೆಯಾಯಿತು. ಗೋಡೆಯ ಬಣ್ಣ ಉದುರಿದ್ದು ಕಂಡು ಸಮಾಧಾನವಾಯಿತು. ಅಂಗಳದಲ್ಲಿ ಕುಡಿಯುವ ನೀರಿನ ನಲ್ಲಿ ಒಣಗಿದ್ದು ಕಂಡಾಗಲಂತೂ, ತಾವು 'ನೀರಿನ ಸೌಲಭ್ಯ ಅಸಮರ್ಪಕ' ಎಂದು ನಕ್ಷತ್ರ ಕತ್ತರಿಸಿದ್ದು ಎಷ್ಟು ನ್ಯಾಯವೆಂದು ತಲೆದೂಗಿದೆ. ಅಲ್ಲಿಗೆ ಬಂದ ಹೆಡ್‌ಮಿಸ್, "ಜನವರಿಯಲ್ಲೇ ನೀರಿನ ಆಫೀಸಿಗೆ ಬರೆದುಕೊಟ್ಟಿದೀವಿ ಮೇಡಂ, ಅಲ್ಲಿ ಯಾರೋ ಪುಣ್ಯಾತ್ಮರು ಅದರ ಮೇಲೆ ಕೂತಿದಾರೆ" ಎಂದರು. ಆ ಪುಣ್ಯಾತ್ಮಳು ಅವರ ಎದುರಿಗೇ ನಿಂತು, "ಛೆ, ಎಂಥಾ ಜನ!" ಎಂದಳು.

ಆ ಶಾಲೆಯಲ್ಲೊಂದು ವಿಚಿತ್ರ ಪದ್ಧತಿಯಿದೆ. ಶಾಲೆ ಹೇಗಿದೆಯೆಂದು ಅಳೆಯಲು ಬಂದವರು ಯಾರೇ ಆಗಲಿ, ಸಾಹೇಬರಾಗಲಿ ಪೋಷಕರಾಗಲಿ, ಒಂದು ಪೀರಿಯಡ್ ಪಾಠ ಮಾಡಿಯೇ ಹೋಗಬೇಕು. "ದಡದಲ್ಲಿ ನಿಂತು ಆಳ ಅಳೆಯೋದು ಬೇಡ ಮೇಡಂ, ಇಳಿದುಬಿಡಿ" ಎಂದು ಹೆಡ್‌ಮಿಸ್ ನನ್ನ ಕೈಗೆ ಚಾಕ್‌ಪೀಸು ಕೊಟ್ಟು ಏಳನೆಯ ತರಗತಿಗೆ ತಳ್ಳಿದರು. ವಿಜ್ಞಾನದ ಮೇಷ್ಟ್ರು ನಗುತ್ತ ಹಿಂದಿನ ಬೆಂಚಿಗೆ ಹೋಗಿ ನನ್ನ ಮಗಳ ಪಕ್ಕ ಕೂತರು. ನನಗೋ ಒಳಗೊಳಗೇ ಖುಷಿ. ಪ್ರಾಸದ ಬಗ್ಗೆ ಒಂದು ಗಂಟೆ ಮಾತಾಡುವ ಅವಕಾಶಕ್ಕಾಗಿ ನಾನು ಮದುವೆಯಾದಂದಿನಿಂದ ಕಾದಿದ್ದೆ, ಮನೆಯಲ್ಲಿ ಯಾರೂ ಕೊಟ್ಟಿರಲಿಲ್ಲ. ಆದಿಪ್ರಾಸ, ಅಂತ್ಯಪ್ರಾಸ ಎಂದು ಬೋರ್ಡಿನ ತುಂಬ ಬರೆದು, ನಲ್ಲಿಯ ಮೇಲೆ ನಾನೇ ಕಟ್ಟಿದ ಪದ್ಯವೊಂದನ್ನು ರಾಗವಾಗಿ ಹಾಡಿ ತೋರಿಸಿದೆ. ಹಾಡಿ ಮುಗಿಯುತ್ತಲೇ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಪದ್ಯ ಚೆನ್ನಾಗಿದೆ ಮಿಸ್, ಆದ್ರೆ ನೀರು ಮೇಲಿನ ಮನೆಗೆ ತಾನಾಗೇ ಹೇಗೆ ಹತ್ತುತ್ತೆ?" ಎಂದಳು. ನೀರಿನ ಕಚೇರಿಯಲ್ಲಿ ಅರ್ಧ ಆಯುಷ್ಯ ಕಳೆದ ನಾನು ಬಾಯಿ ತೆರೆದೆ. ಗಾಳಿ ಮಾತ್ರ ಬಂತು, ಬೇಸಿಗೆಯ ನಲ್ಲಿಯ ಹಾಗೆ.

ಯಾರೂ ನಗಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಹೆದರಿಸಿತು. ಬದಲಿಗೆ ಅದೇ ಹುಡುಗಿ, "ಗೊತ್ತಿಲ್ದಿದ್ರೆ ಪರವಾಗಿಲ್ಲ ಮಿಸ್, ಮೂಲೇಲಿ ಬರೆದುಬಿಡಿ" ಎಂದು ಸಮಾಧಾನ ಮಾಡಿದಳು. ಬೋರ್ಡಿನ ಬಲ ಮೂಲೆಯಲ್ಲಿ ಚೌಕಟ್ಟು ಹಾಕಿ 'ಗೊತ್ತಿಲ್ಲ' ಎಂದು ಬರೆದಿತ್ತು. ಮೇಷ್ಟ್ರಿಗೆ ಗೊತ್ತಿಲ್ಲದ್ದನ್ನು ಮೇಷ್ಟ್ರೇ ಅಲ್ಲಿ ಬರೆಯಬೇಕು, ವಾರದೊಳಗೆ ಎಲ್ಲರೂ ಸೇರಿ ಹುಡುಕಬೇಕು, ಸಿಕ್ಕ ಮೇಲಷ್ಟೇ ಅಳಿಸಬೇಕು; ಇದು ಆ ಶಾಲೆಯ ಎಲ್ಲ ಕೋಣೆಗಳ ನಿಯಮವಂತೆ. "ನಂದೇ ಜಾಸ್ತಿ ಇರೋದು ಮೇಡಂ" ಎಂದು ವಿಜ್ಞಾನದ ಮೇಷ್ಟ್ರು ಹಿಂದಿನಿಂದ ಹೇಳಿದ್ದನ್ನು ಕೇಳಿದರೆ ಬಹುಮಾನ ಬಂದಿದೆಯೇನೋ ಎನ್ನಬೇಕು. ನನ್ನ ಅಜ್ಞಾನವನ್ನು ಸ್ವಹಸ್ತದಿಂದ ಬರೆದು, ಉಳಿದ ಹೊತ್ತನ್ನು ದ್ವಿತೀಯಾಕ್ಷರ ಪ್ರಾಸದಿಂದ ತುಂಬಿಸುತ್ತಿರುವಾಗ, ಮಾನ್ಯರೇ, ಹಿಂದಿನ ಬೆಂಚಿನಲ್ಲಿ ಒಂದು ಕೈ ಮೇಲೆದ್ದಿತು. ಅದು ನನ್ನ ಮಗಳ ಕೈ.

"ಅಮ್ಮಾ... ಅಲ್ಲ, ಮಿಸ್, ಒಬ್ರು ಆಕಳಿಸಿದ್ರೆ ಎಲ್ರಿಗೂ ಯಾಕೆ ಬರುತ್ತೆ?" ಎಂದು ಕೇಳಿದಳು. ತಿರುಗಿ ನೋಡಿದರೆ ತರಗತಿಗೆ ತರಗತಿಯೇ ನನ್ನ ಪಾಠಕ್ಕೆ ಆಕಳಿಸುತ್ತಿತ್ತು, ಮೇಷ್ಟ್ರೂ ಸೇರಿ. ನಾನು ಅವಮಾನದಿಂದಲೋ ಆನಂದದಿಂದಲೋ ಚಾಕ್‌ಪೀಸು ಕೆಳಗೆ ಬೀಳಿಸಿದೆ. ಮೇಷ್ಟ್ರು ಎದ್ದು ಬಂದು ಅದನ್ನು ಹೆಕ್ಕಿಕೊಂಡು, "ಒಳ್ಳೇ ಪ್ರಶ್ನೆ ಕಣಮ್ಮಾ, ನನಗೂ ಗೊತ್ತಿಲ್ಲ" ಎಂದು ಮೂಲೆಯಲ್ಲಿ ಬರೆದರು. ದಾರಿಯುದ್ದಕ್ಕೂ ಮಗಳು ಮಾತಾಡಿದಳು. ನಾಯಿಗೂ ಆಕಳಿಕೆ ಅಂಟುತ್ತದಾ, ನಿದ್ದೆಯಲ್ಲಿದ್ದವರಿಗೆ ಅಂಟುತ್ತದಾ, ಫೋನಿನಲ್ಲಿ ಕೇಳಿಸಿದರೆ ಅಂಟುತ್ತದಾ. ಮನೆ ಮುಟ್ಟಿದ ಮೇಲೂ ನಿಲ್ಲಿಸಲಿಲ್ಲ.

ಇಷ್ಟಾದ ಮೇಲೆ ಬುದ್ಧಿಯಿದ್ದ ತಾಯಿ ಏನು ಮಾಡುತ್ತಿದ್ದಳೆಂದು ತಮಗೆ ಗೊತ್ತು. ನಾನು ಮಾತ್ರ ಮನೆಗೆ ಬಂದು ಮತ್ತೆ ತಮ್ಮನ್ನೇ ತೆರೆದೆ. ಕಣ್ಣಿಗೆ ಕಂಡದ್ದು ಒಂದು ದಿನದ ಮಾತು, ನಕ್ಷತ್ರ ಅಂಕಿ-ಅಂಶದ ಮಾತು ಎಂದುಕೊಂಡು, ಈ ಶಾಲೆಯನ್ನು ಆ ಶಾಲೆಯೊಂದಿಗೆ ಹೋಲಿಸಿ, ಕಾಂಪೌಂಡು, ಕಂಪ್ಯೂಟರು, ಕ್ಯಾಮೆರಾಗಳನ್ನು ಕೂಡಿ ಕಳೆದು, ಅಳೆದೂ ಸುರಿದೂ, ಸುರಿದೂ ಅಳೆದೂ ವಾರಗಳನ್ನು ಕಳೆದೆ. ಕೊನೆಗೆ ಅರ್ಜಿ ಹಿಡಿದು ಹೋದಾಗ ಆರನೆಯ ತರಗತಿ ಭರ್ತಿಯಾಗಿತ್ತು. ತಮ್ಮ ಹೆಸರನ್ನೇ ಕೇಳದ ಬಸ್ ಡ್ರೈವರು, ಆಸ್ಪತ್ರೆಯ ನರ್ಸು, ಗ್ಯಾರೇಜಿನವರೆಲ್ಲ ಮಕ್ಕಳನ್ನು ಸೇರಿಸಿ ಹೋಗಿದ್ದರು. "ನೀವು ನೋಡ್ತಾ ಇದ್ರಿ ಮೇಡಂ, ಅವರು ಸೇರಿಸ್ತಾ ಇದ್ರು" ಎಂದ ಹೆಡ್‌ಮಿಸ್, ಯಾರಾದರೂ ಬಿಟ್ಟರೆ ನೋಡೋಣವೆಂದು ಮಗಳ ಹೆಸರನ್ನು ಕಾಯುವವರ ಸಾಲಿಗೆ ಸೇರಿಸಿದರು.

ಹೊರಗೆ ವರಾಂಡದಲ್ಲಿ ಅದೇ ಸಾಲಿನವರಾದ ದರ್ಜಿಯೊಬ್ಬರು ನನ್ನ ಮುಖ ನೋಡಿ ಮರುಗಿದರು. ಪಕ್ಕಕ್ಕೆ ಕರೆದು, "ಸುಮ್ನೆ ಕೂತ್ರೆ ಸೀಟು ಬರುತ್ತಾ ಅಕ್ಕಾ? ಆ ಆ್ಯಪಿನಲ್ಲಿ ಕೆಟ್ಟದಾಗಿ ಬರೀರಿ. ಓದಿ ಹೆದರಿ ಯಾರಾದ್ರೂ ಬಿಟ್ಟುಹೋಗ್ತಾರೆ. ಹೋದ ವರ್ಷ ಕಾದವರೂ ಬರೆದಿದ್ರು, ಈ ವರ್ಷ ನಾವೂ ಬರೆದಿದೀವಿ" ಎಂದರು. ಮಾನ್ಯರೇ, ನಾನು ಕಣ್ಣೀರು ಹಾಕಿ ಓದಿದ ಆ ಪೋಷಕರೆಲ್ಲ ಈ ಶಾಲೆಯಿಂದ ನೊಂದವರಲ್ಲ, ಈ ಶಾಲೆ ಸಿಗದೆ ನೊಂದವರು! ತಮ್ಮ ಐದರಲ್ಲಿ ಕಡಿಮೆಯಾದ ಎರಡೂವರೆ ನಕ್ಷತ್ರದಲ್ಲಿ ಒಂದಿಷ್ಟನ್ನು ಕತ್ತರಿಸಿದ್ದು ಈ ಸೀಟಿನಾಸೆಯ ಕತ್ತರಿ, ಇನ್ನೊಂದಿಷ್ಟನ್ನು ನನ್ನ ಮೇಜಿನ ಮೇಲೆ ಧೂಳು ತಿನ್ನುತ್ತಿದ್ದ ನಲ್ಲಿಯ ದೂರು. ಇಂಥ ಕರಾರುವಾಕ್ಕಾದ ಮಾಪನಕ್ಕೆ ಯಾವ ಪ್ರಶಸ್ತಿ ಕೊಟ್ಟರೂ ಕಡಿಮೆಯೇ.

ಕೋಪ ಬಂತೇ ಎಂದು ಕೇಳುತ್ತೀರಿ. ಬಂತು, ಬಸ್‌ಸ್ಟಾಪಿನವರೆಗೂ ಇತ್ತು. ಬಸ್ಸಿನಲ್ಲಿ ಸೀಟು ಸಿಕ್ಕ ಕೂಡಲೇ ತಮ್ಮನ್ನು ತೆರೆದು ನಾನೂ ಬರೆದೆ. ಉಳಿದವರಂತೆ ಗದ್ಯದಲ್ಲಿ ಬರೆದು ಬಿಟ್ಟಿದ್ದರೆ ಯಾರ ಗಮನಕ್ಕೂ ಬರುತ್ತಿರಲಿಲ್ಲವೇನೋ. ಆದರೆ ಹುಟ್ಟುಗುಣ ಸುಟ್ಟರೂ ಹೋಗದಷ್ಟೆ: 'ಅಂಗಳದ ತುಂಬ ಧೂಳು, ಪಾಠವೆಂಬುದು ಗೋಳು, ಸೇರಿಸಿದರೆ ಮಗು ಹಾಳು.' ಪದ್ಯವೆಂದು ನಾನು ಈವರೆಗೆ ಬರೆದದ್ದರಲ್ಲಿ ಜನ ಮೆಚ್ಚಿದ್ದು ಇದೊಂದನ್ನೇ. 'ಉಪಯುಕ್ತ' ಎಂಬ ಗುರುತನ್ನು ಎಷ್ಟು ಮಂದಿ ಒತ್ತಿದರೆಂದರೆ, ತಾವು ಅದನ್ನು ಎಲ್ಲಕ್ಕಿಂತ ಮೇಲೆ ಇಟ್ಟು ಗೌರವಿಸಿದಿರಿ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಇಷ್ಟೇ. ಗುಣಮಟ್ಟದ ಕಾಲಮುಗಳಲ್ಲಿ 'ಈ ಶಾಲೆಯ ಮೇಷ್ಟ್ರು ಗೊತ್ತಿಲ್ಲವೆಂದು ಎಷ್ಟು ಸಲೀಸಾಗಿ ಹೇಳುತ್ತಾರೆ' ಎಂಬುದಕ್ಕೂ ಒಂದು ಜಾಗ ಮಾಡಿ, ಅದನ್ನು ಅಳೆಯುವ ಬಗೆ ತಮಗೆ ಗೊತ್ತಿಲ್ಲದಿದ್ದರೆ ತಮ್ಮ ತೆರೆಯ ಮೂಲೆಯಲ್ಲೂ ಒಂದು ಚೌಕಟ್ಟು ಹಾಕಿಕೊಳ್ಳುವುದು. ಮುಚ್ಚಿದ ಬಾಯಿಗೂ ನಿಜವಾದ ಶಿಸ್ತಿಗೂ ಇರುವ ವ್ಯತ್ಯಾಸವನ್ನು ನನ್ನಂಥ ತಾಯಂದಿರಿಗೆ, ಸಾಧ್ಯವಾದರೆ ಸಣ್ಣದೊಂದು ವಿದ್ಯುತ್ ಆಘಾತದ ಮೂಲಕ, ತಿಳಿಸಿಕೊಡುವುದು. ಕೊನೆಯದಾಗಿ, ಇಷ್ಟು ಒಳ್ಳೆಯ ಶಾಲೆಗೆ ಎರಡೂವರೆ ನಕ್ಷತ್ರ ತೀರಾ ಹೆಚ್ಚಾಯಿತು. ನನ್ನ ಮಗಳಿಗೆ ಸೀಟು ಸಿಗುವವರೆಗೆ ದಯಮಾಡಿ ಒಂದಕ್ಕೆ ಇಳಿಸುವುದು.

ತಮ್ಮ ವಿಶ್ವಾಸಿ (ವಿಶ್ವಾಸವೂ ಎರಡೂವರೆ ನಕ್ಷತ್ರದಷ್ಟೇ),
ನೀರಿನ ಕಚೇರಿಯ ದೂರು ಗುಮಾಸ್ತೆ

ವಿ.ಸೂ.: ಇದನ್ನು ಕಳಿಸುವ ಮೊದಲೇ ಶಾಲೆಯಿಂದ ಕರೆ ಬಂತು. ಒಂದು ಸೀಟು ಖಾಲಿಯಾಯಿತಂತೆ, ದರ್ಜಿಯವರು ಬೇರೆ ಕಡೆ ಸೇರಿಸಿದ್ದರಿಂದ ಸರದಿ ನಮ್ಮದಂತೆ. ಮಗಳನ್ನು ಕರೆದುಕೊಂಡು ಓಡಿದೆ. ಗೇಟಿನ ಬಳಿ ಒಬ್ಬ ತಾಯಿ ತನ್ನ ಹುಡುಗಿಯ ಕೈ ಹಿಡಿದು ಎಳೆದುಕೊಂಡು ಹೊರಬರುತ್ತಿದ್ದರು. ಹುಡುಗಿ ಗೇಟಿನ ಸರಳನ್ನು ಬಿಡಲೊಲ್ಲಳು, ಅಳು ಬೇರೆ. ಆ ತಾಯಿ ನನ್ನನ್ನು ತಡೆದು, ಬಹಳ ಅಕ್ಕರೆಯಿಂದ, "ಯೋಚ್ನೆ ಮಾಡಿ ಅಕ್ಕಾ, ನಾನಂತೂ ಬಿಡಿಸ್ಕೊಂಡೆ. ಪಾಠವೆಂಬುದು ಗೋಳು, ಮಗು ಹಾಳು ಅಂತ ಬರೆದಿದಾರೆ, ಅನುಭವಿಸಿದವರೇ ಇರ್ಬೇಕು ಪಾಪ" ಎಂದರು. ನಾನು "ಹೌದಾ?" ಎಂದೆ. ಒಳಗೆ ಹೋಗಿ ಸಹಿ ಹಾಕಿ ಹೊರಬರುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು. ಯಾವ ಬೀದಿಯವರೆಂದು ಯಾರಿಗೂ ಗೊತ್ತಿಲ್ಲ. ನನ್ನ ಮೂರು ಸಾಲುಗಳನ್ನು ಅಳಿಸಲು ಅಂದಿನಿಂದ ಪ್ರಯತ್ನಿಸುತ್ತಿದ್ದೇನೆ, ಜನಪ್ರಿಯ ಅಭಿಪ್ರಾಯಗಳನ್ನು ತೆಗೆಯಲಾಗದೆಂದು ತಾವು ತಿಳಿಸುತ್ತಿದ್ದೀರಿ. ಆಗಲಿ. ಆ ತಾಯಿ ಮತ್ತೊಮ್ಮೆ ತಮ್ಮನ್ನು ತೆರೆದು ನೋಡುವ ದಿನಕ್ಕಾಗಿ, ಅದರ ಕೆಳಗೆ ಇಷ್ಟನ್ನಾದರೂ ಸೇರಿಸಿ: 'ಇದನ್ನು ಬರೆದವಳ ಮಗಳು ಇದೇ ಶಾಲೆಯಲ್ಲಿ ಓದುತ್ತಿದ್ದಾಳೆ.'