ಗೈರುಹಾಜರಾದವರ ಆರೋಗ್ಯ

ಬಹಳ ಹಿಂದೆ, ಕಡತಗಳಿಗೆ ಇನ್ನೂ ಗೆದ್ದಲು ಹತ್ತದಿದ್ದ ಕಾಲದಲ್ಲಿ, ಅಂದಾಜುಪುರವೆಂಬ ರಾಜ್ಯವಿತ್ತು. ದೊರೆ ತಥಾಸ್ತುವರ್ಮ. ರಾಜವೈದ್ಯ ಕಷಾಯಕೇಸರಿ ಕೆಮ್ಮಿಗೆಂದು ಹೊಸ ಲೇಹ್ಯ ಕಾಸಿ, ನೂರು ಜನರಿಗೆ ಒಂದು ತಿಂಗಳು ನೆಕ್ಕಿಸಿ ಪರೀಕ್ಷೆ ನಡೆಸಿದ್ದ. ಪಾಸಾದರೆ ಪ್ರಜೆಗಳೆಲ್ಲರಿಗೂ ದಿನಕ್ಕೊಂದು ಚಮಚ ಕಡ್ಡಾಯ. ಪಾಸೋ ಫೇಲೋ ಹೇಳಬೇಕಾದವರು ಆಸ್ಥಾನದ ಸಂಖ್ಯಾಶಾಸ್ತ್ರಜ್ಞ ಸರಾಸರಿ ಶಾಸ್ತ್ರಿಗಳು.

ಶಾಸ್ತ್ರಿಗಳ ಸಂಕಟ ಇಷ್ಟೇ: ಕೊನೆಯ ತಪಾಸಣೆಗೆ ಬಂದವರು ಅರವತ್ತೇ ಜನ. ಉಳಿದ ನಲವತ್ತು ಹೆಸರುಗಳ ಮುಂದೆ ಖಾಲಿ. ಸಾಲದ್ದಕ್ಕೆ ಮನೆಯಲ್ಲಿ ಹೆಂಡತಿ ಪಂಕಜಾಕ್ಷಿಗೆ ಕೆಮ್ಮು.

"ಆ ನಲವತ್ತು ಜನ ಎಲ್ಲಿ ಹೋದ್ರು ಅಂತ ಯಾರಾದ್ರೂ ಹೋಗಿ ಕೇಳಿದ್ರಾ?" ಎಂದಳು ಆಕೆ, ದೋಸೆ ಮಗುಚುತ್ತ.

"ಕೇಳೋದಕ್ಕೆ ಬಜೆಟ್ ಇಲ್ಲ ಕಣೇ. ಊಹಿಸೋದಕ್ಕೆ ಇದೆ. ವಿಧಾನಗಳ ತುಲನಾತ್ಮಕ ಅಧ್ಯಯನ ಮಾಡ್ತಿದೀನಿ."

"ಊಹಿಸೋಕೆ ಇಷ್ಟೊಂದು ಓದಬೇಕಿತ್ತಾ?"

ಶಾಸ್ತ್ರಿಗಳಿಗೂ ಈ ಅನುಮಾನ ಹಳೆಯದೇ. ಅದಕ್ಕೆ ಉತ್ತರವಾಗಿ ಮುನ್ನೂರು ಪುಟ ಬರೆದು ಡಾಕ್ಟರೇಟನ್ನೂ ಪಡೆದಿದ್ದರು. ಏನು ಬರೆದಿದ್ದೆ ಎಂಬುದೊಂದು ಮರೆತುಹೋಗಿತ್ತು.

ಮರುದಿನ ದರ್ಬಾರಿನಲ್ಲಿ ಕೈಮುಗಿದು ನಿಂತರು. "ಮಹಾಪ್ರಭು, ಬಾರದವರು ಹುಟ್ಟೇ ಇಲ್ಲವೆಂದು ಪಟ್ಟಿಯಿಂದ ಕಿತ್ತರೆ ಲೇಹ್ಯಕ್ಕೆ ನೂರಕ್ಕೆ ಎಂಬತ್ತು ಅಂಕ. ಬಂದವರ ಸರಾಸರಿಯನ್ನೇ ಬಾರದವರಿಗೂ ಹಚ್ಚಿದರೆ ಅದೇ ಎಂಬತ್ತು, ಆದರೆ ಪಟ್ಟಿ ಮೈತುಂಬಿಕೊಂಡು ಕಾಣುತ್ತದೆ. ಕೊನೆಯ ಸಲ ಸಿಕ್ಕಾಗ ಅವರು ಹೇಳಿದ್ದನ್ನೇ ಮುಂದುವರಿಸಿದರೆ ಎಂಬತ್ತೆಂಟು."

"ಏನು ಹೇಳಿದ್ದರು?"

"ನಲವತ್ತೂ ಜನ 'ಪರವಾಗಿಲ್ಲ ಬುದ್ಧಿ' ಅಂದಿದ್ದರು ಪ್ರಭು. ಅದನ್ನು ನೂರಕ್ಕೆ ನೂರು ಎಂದೇ ಹಿಡಿದಿದ್ದೇನೆ."

ರಾಜವೈದ್ಯನ ಮುಖಕ್ಕೆ ಬೇರೇನಾದರೂ ಹೇಳುವುದು ಆ ರಾಜ್ಯದಲ್ಲಿ ಮರ್ಯಾದೆಯಾಗಿರಲಿಲ್ಲ.

ಶಾಸ್ತ್ರಿಗಳು ಗಂಟಲು ಸರಿಮಾಡಿಕೊಂಡರು. "ನಾಲ್ಕನೆಯದೂ ಒಂದಿದೆ. ಖಾಲಿ ಜಾಗವನ್ನು ಹತ್ತಾರು ಬಗೆಯಲ್ಲಿ ತುಂಬಿ ನೋಡಿ, ನಮಗೆಷ್ಟು ಗೊತ್ತಿಲ್ಲ ಎಂಬುದನ್ನೂ ಒಪ್ಪಿಕೊಳ್ಳುವುದು. ಆಗ ಐವತ್ತೂ ಇರಬಹುದು, ಎಂಬತ್ತೂ ಇರಬಹುದು."

"ಗೊತ್ತಿಲ್ಲ ಅನ್ನೋದಕ್ಕೆ ಪಂಡಿತರು ಬೇರೆ ಬೇಕೇ?" ಎಂದ ದೊರೆ.

"ತಮ್ಮ ರಾಜ್ಯದಲ್ಲಿ ಗೊತ್ತಿಲ್ಲದ್ದೂ ಇದೆ ಎನ್ನುವುದೇ ಅಪಚಾರ ಪ್ರಭು," ಎಂದು ಕಷಾಯಕೇಸರಿ ಜೇನು ಸುರಿಸಿದ.

"ಶಾಸ್ತ್ರಿಗಳೇ, ಯಾವುದು ಉತ್ತಮ?"

ಶಾಸ್ತ್ರಿಗಳಿಗೆ ಹೆಂಡತಿಯ ಕೆಮ್ಮು ನೆನಪಾಯಿತು. ಅದರ ಹಿಂದೆಯೇ ತಮ್ಮ ಬಡ್ತಿಯ ಕಡತವೂ ನೆನಪಾಯಿತು. "ಮೂರನೆಯದು ಸರಳ, ಸುಂದರ, ಪ್ರಭುಗಳ ಹಾಗೇ," ಎಂದಿತು ಅವರ ಬಾಯಿ, ಅವರನ್ನು ಕೇಳದೆಯೇ.

ಮನೆಗೆ ಬಂದರೆ ಪಂಕಜಾಕ್ಷಿ ಸೀರೆ ಮಡಚಿ ಚೀಲಕ್ಕೆ ತುಂಬುತ್ತಿದ್ದಳು.

"ತರಕಾರಿ ಮಾರ್ಕೆಟ್ಟಲ್ಲಿ ಹತ್ತು ನಿಮಿಷ ವಿಚಾರಿಸ್ದೆ. ಆ ನಲವತ್ತರಲ್ಲಿ ಹನ್ನೊಂದು ಜನ ಲೇಹ್ಯ ತಿಂದು ತೀರಿಹೋಗಿದಾರೆ. ಮಿಕ್ಕವರು ಹೊಳೆ ದಾಟಿ ಓಡಿದಾರೆ. ನಾನೂ ಹೊರಟೆ. ನೀವು ಬರ್ತೀರಾ?"

"ನಾಳೆ ನನಗೆ ಸನ್ಮಾನ ಇದೆಯಲ್ಲೇ."

"ಹಾಗಾದ್ರೆ ಇರಿ."

ಸನ್ಮಾನ ಚೆನ್ನಾಗಿಯೇ ನಡೆಯಿತು. ಶಾಲು, ಹಾರ, 'ಶೂನ್ಯಪೂರಕ ಶಿರೋಮಣಿ' ಬಿರುದು. ಲೇಹ್ಯ ಕಡ್ಡಾಯವಾಯಿತು. ಕಾಲಲ್ಲಿ ಬಲವಿದ್ದವರು ಹೊಳೆಯತ್ತ ನಡೆದರು. ದೊರೆ ಧೃತಿಗೆಡಲಿಲ್ಲ, ಇನ್ನೊಂದು ಆಜ್ಞೆ ಹೊರಡಿಸಿದ: ಊರು ಬಿಟ್ಟವರ ಪಾಲಿನ ಲೇಹ್ಯವನ್ನು ಉಳಿದವರಿಗೆ ಹಂಚತಕ್ಕದ್ದು, ರಾಜ್ಯದ ಒಟ್ಟು ಚಮಚಗಳ ಸಂಖ್ಯೆ ಇಳಿಯಕೂಡದು.

ಒಂದು ಬೆಳಿಗ್ಗೆ ತಪಾಸಣಾಧಿಕಾರಿ ಲೇಹ್ಯದ ಕೊಳಗ ಹೊತ್ತು ಶಾಸ್ತ್ರಿಗಳ ಬಾಗಿಲಿಗೆ ಬಂದ.

"ತಮ್ಮದೊಂದು ಚಮಚ, ಅಮ್ಮಾವರದೊಂದು, ಎದುರುಮನೆಯವರದು ಆರು, ಹಿಂದಿನ ಬೀದಿಯದು ನಲವತ್ತಮೂರು. ಸ್ವಲ್ಪ ಬಾಯಿ ಅಗಲಿಸಬೇಕು ಸ್ವಾಮಿ."

ಕಲೆಯಾಗದಂತೆ ಶಾಲನ್ನು ಹಿಂದಕ್ಕೆ ಸರಿಸಿ, ಶಾಸ್ತ್ರಿಗಳು ಬಾಯಿ ತೆರೆದರು.